ಔಷಧಿಗೆ ಸಿಗದ ಹುಳ: ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಪ್ರಕರಣ

ಇದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರಕರಣ. ಊರಿನ ಹೆಸರು, ಮನೆತನದ ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ತೋಟದ ಮಾಲೀಕರನ್ನು ಬರೀ ಯಜಮಾನರು ಎಂದು ಕರೆಯುತ್ತೇನೆ. ನಾಲ್ಕು ಜನಕ್ಕೆ ಉಪಯೋಗ ಆಗುವುದಾದರೆ ಬರೆಯಿರಿ ಎಂದು ಒಪ್ಪಿಗೆ ಕೊಟ್ಟವರು ಅವರೇ.

ಬೇರುಹುಳು, ಅಂದರೆ ಮಣ್ಣಿನೊಳಗೆ ಬೇರು ತಿನ್ನುವ ಗೊಣ್ಣೆ ಹುಳು (ಒಂದು ದುಂಬಿಯ ಮರಿ), ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಹೆಸರು ಎಲ್ಲರಿಗೂ ಗೊತ್ತು. ಆದರೂ ವರ್ಷಗಟ್ಟಲೆ ದುಡ್ಡು ಸುರಿದು ಸೋಲುವವರೇ ಜಾಸ್ತಿ. ಹಾಗೆ ಸೋತವರೆಲ್ಲ ಹೇಳುವ ಮಾತೂ ಒಂದೇ: ‘ಹುಳ ಔಷಧಿಗೆ ಒಗ್ಗಿಕೊಂಡುಬಿಟ್ಟಿದೆ.’ ಈ ತೋಟದಲ್ಲಿ ಆ ಮಾತನ್ನು ಪರೀಕ್ಷೆ ಮಾಡಿ ನೋಡಿದೆವು. ಅಲ್ಲಿಂದ ಮುಂದೆ ಕೆಲಸದ ದಾರಿಯೇ ಬದಲಾಯಿತು.

ತೋಟ ಮತ್ತು ಹಳದಿ

ಮೂರು ಎಕರೆ ಹತ್ತಿರದ ತೋಟ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಮುಂದೆ ಹೋಗಿ ತುಂಗೆಯನ್ನು ಸೇರುವ ಒಂದು ಹಳ್ಳ. ಮೇಲಿನ ಭಾಗ ಅಜ್ಜನ ಕಾಲದ ತೋಟ. ಹಳ್ಳದ ದಂಡೆಯ ಭಾಗ ಮೊದಲು ಗದ್ದೆಯಾಗಿತ್ತು. ಭತ್ತ ಕೈಗೆ ಹತ್ತುವುದಿಲ್ಲ, ಕೂಲಿಯವರು ಸಿಗುವುದಿಲ್ಲ ಎಂದು ಅದಕ್ಕೂ ಮಣ್ಣು ಹಾಕಿ ಅಡಿಕೆ ಇಟ್ಟರು. ನಮ್ಮ ಕಡೆ ಯಾವ ಊರಿಗೆ ಹೋದರೂ ಇದೇ ಕಥೆ ಅಲ್ವಾ? ಅಲ್ಲಿನ ಮಣ್ಣು ಮರಳು ಸೇರಿದ ಸಡಿಲ ಮಣ್ಣು. ಬೇರು ಸಲೀಸಾಗಿ ಓಡುತ್ತದೆ. ಹುಳವೂ ಅಷ್ಟೇ ಸಲೀಸಾಗಿ ಓಡಾಡುತ್ತದೆ.

2018ರ ಸುಮಾರಿಗೆ ಹಳ್ಳದ ಕಡೆಯ ಮರಗಳ ಸೋಗೆ ಹಳದಿಯಾಗಲು ಶುರುವಾಯಿತು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರಿಗೆ ಹಳದಿ ಅಂದರೆ ಎದೆ ಧಸಕ್ಕೆನ್ನುತ್ತದೆ. ಹಳದಿ ಎಲೆ ರೋಗ ಎಷ್ಟೋ ಮನೆಗಳ ತೋಟವನ್ನೇ ತಿಂದುಹಾಕಿದೆ, ಅದಕ್ಕೆ ಔಷಧಿ ಇಲ್ಲ. ಯಜಮಾನರೂ ಅದೇ ರೋಗ ಎಂದುಕೊಂಡರು. ಸುಣ್ಣ, ಪೊಟ್ಯಾಷ್, ಸೂಕ್ಷ್ಮ ಪೋಷಕಾಂಶ ಎಲ್ಲ ಕೊಟ್ಟು ನೋಡಿದರು. ಮರದ ತಲೆ ಸಣ್ಣದಾಗುತ್ತಲೇ ಹೋಯಿತು. ಕಾಂಡ ತುದಿಯಲ್ಲಿ ಸಪೂರ ಆಯಿತು. ಎಳೆ ಕಾಯಿ ಉದುರಿತು. ಎರಡು ಮೂರು ವರ್ಷದ ಸಸಿಗಳು ಕೈಯಲ್ಲಿ ಹಿಡಿದು ಎಳೆದರೆ ಬುಡಸಮೇತ ಬರುತ್ತಿದ್ದವು.

ಸುಳಿವು ಕೊಟ್ಟದ್ದು ಕಾಡುಹಂದಿ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ರಾತ್ರಿ ಹಂದಿಗಳು ಬಂದು ಹಳ್ಳದ ಕಡೆಯ ಮರಗಳ ಬುಡವನ್ನೇ ಹುಡುಕಿ ಹುಡುಕಿ ಅಗೆದು ಹೋಗಿದ್ದವು. ಮೇಲಿನ ತೋಟ ಮುಟ್ಟಿರಲಿಲ್ಲ. ಬೆಳಿಗ್ಗೆ ಅದೇ ಗುಂಡಿಗಳ ಸುತ್ತ ಕಾಗೆ, ಬೆಳ್ಳಕ್ಕಿ ತುಂಬಿದ್ದವು. ಯಜಮಾನರ ಮನೆಯವರು ಮಣ್ಣು ಕೆದಕಿ ನೋಡಿದರೆ ಮೈ ಬಾಗಿಸಿಕೊಂಡು ಮಲಗಿದ ಬಿಳಿ ಹುಳಗಳು. ಬೇರು ಬೊಡ್ಡೆಯವರೆಗೂ ತಿಂದುಹೋಗಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳದಿ ಎಲೆ ರೋಗದಲ್ಲಿ ಸಾಮಾನ್ಯವಾಗಿ ಕೆಳಗಿನ ಎರಡು ಮೂರು ಸೋಗೆಗಳ ಎಲೆ ತುದಿಯಿಂದ ಹಳದಿ ಶುರುವಾಗುತ್ತದೆ, ಕಾಯಿ ಒಡೆದರೆ ಒಳಗಿನ ತಿರುಳು ಕಪ್ಪಾಗಿರುತ್ತದೆ. ಬೇರುಹುಳುವಿನ ಹಳದಿಗೆ ಸಾಕ್ಷಿ ಇರುವುದು ಬುಡದಲ್ಲಿ. ಗುದ್ದಲಿ ಹಿಡಿದು ಒಂದು ಮರದ ಬುಡ ಬಿಡಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೇಲೆ ನೋಡಿ ಹಳದಿ ಅಂತ ತೀರ್ಮಾನ ಮಾಡಿ ವರ್ಷ ಕಳೆಯುವ ತೋಟಗಳು ಈಗಲೂ ಇವೆ. ಅದು ನನಗೆ ಬಹಳ ಸಂಕಟದ ವಿಷಯ.

ಔಷಧಿಯ ವರ್ಷಗಳು

ಹುಳ ಸಿಕ್ಕ ಮೇಲೆ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲ ಕಡೆಯೂ ಹೀಗೇ ನಡೆಯುತ್ತದೆ. ಮೊದಲು ಫೋರೇಟ್ ಹರಳು ಹಾಕಿದರು. ಅದು ಬಹಳ ಘೋರ ವಿಷ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಬಳಕೆಯೇ ನಿಂತುಹೋಯಿತು. ಆಮೇಲೆ ಕ್ಲೋರ್‌ಪೈರಿಫಾಸ್ ನೀರಿಗೆ ಬೆರೆಸಿ ಬುಡಕ್ಕೆ ಸುರಿದರು. ಮರ ಹಳದಿಯಾದಾಗ ಸುರಿಯುವುದು, ಹಳದಿ ಕಡಿಮೆ ಆಗದಿದ್ದರೆ ಪ್ರಮಾಣ ಜಾಸ್ತಿ ಮಾಡುವುದು. ಹಳದಿ ಎದ್ದು ಕಾಣುತ್ತಿದ್ದದ್ದು ಚಳಿಗಾಲ ಕಳೆದು ಬಿಸಿಲು ಏರುವಾಗ. ಹಾಗಾಗಿ ಔಷಧಿ ಬೀಳುತ್ತಿದ್ದದ್ದೂ ಫೆಬ್ರವರಿ, ಮಾರ್ಚ್‌ನಲ್ಲಿ.

ಒಂದು ಮಳೆಗಾಲದ ಆರಂಭದಲ್ಲಿ ಹಳ್ಳದ ಏಡಿಗಳು ಸತ್ತು ದಂಡೆಗೆ ಬಿದ್ದವು. ಔಷಧಿಯಿಂದಲೇ ಸತ್ತವು ಎಂದು ಯಾರೂ ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಂಡಿಲ್ಲ. ಆದರೆ ಮನೆಯ ಕುಡಿಯುವ ನೀರಿನ ಬಾವಿ ತೋಟದ ಅಂಚಿನಲ್ಲೇ ಇತ್ತು. ಯಜಮಾನರ ಹೆಂಡತಿ ಆ ದಿನವೇ ಹೇಳಿದರು: ಇನ್ನು ಒಂದು ಹನಿಯೂ ತೋಟಕ್ಕೆ ಬೀಳಬಾರದು, ಅಡಿಕೆ ಹೋದರೆ ಹೋಗಲಿ. ಈ ಪ್ರಕರಣದ ಮೊದಲ ದೊಡ್ಡ ತೀರ್ಮಾನ ಅದು. ಇನ್ನೇನು ಮಾಡಬಹುದು ಎಂದು ಗೊತ್ತಿಲ್ಲದೆಯೇ, ಇದನ್ನು ಮಾಡುವುದಿಲ್ಲ ಎಂದು ಅವರು ನಿರ್ಧರಿಸಿದರು. ಆ ಧೈರ್ಯ ಇರದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಬಕೆಟ್ ಪರೀಕ್ಷೆ

ನನ್ನನ್ನು ಕರೆದದ್ದು 2022ರ ಕೊನೆಯಲ್ಲಿ. ಯಜಮಾನರ ಪ್ರಶ್ನೆ ನೇರವಾಗಿತ್ತು. ಹುಳ ಔಷಧಿಗೆ ಒಗ್ಗಿಕೊಂಡಿದೆಯಾ, ಒಗ್ಗಿಕೊಂಡಿದ್ದರೆ ಇನ್ನೂ ಜೋರಾದದ್ದು ಯಾವುದಿದೆ?

ಪ್ರಶ್ನೆ ಸುಮ್ನೆ ಬಂದದ್ದಲ್ಲ. ಅವರ ತಂಗಿಯ ಮನೆ ಭದ್ರಾ ಅಚ್ಚುಕಟ್ಟಿನಲ್ಲಿದೆ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ. ಒಂದು ಕಾಲಕ್ಕೆ ಇಮಿಡಾಕ್ಲೋಪ್ರಿಡ್ ಹೊಡೆದರೆ ಗದ್ದೆ ಸ್ವಚ್ಛ ಆಗುತ್ತಿತ್ತು, ಈಗ ಹೊಡೆದರೂ ಹುಳ ಹಾಗೇ ಕೂತಿರುತ್ತದೆ ಎಂದು ತಂಗಿಯ ಮನೆಯವರು ಹೇಳಿದ್ದರು. ಅದು ನಿಜ. ಏಷ್ಯಾದ ಭತ್ತದ ದೇಶಗಳಲ್ಲಿ 2003ರಿಂದೀಚೆಗೆ ಆ ಔಷಧಿಗೆ ಜಿಗಿಹುಳು ಬಗ್ಗದಿರುವುದು ಕಂಡಿದೆ. ಆ ಹುಳದ ಮೈಯಲ್ಲಿ ವಿಷವನ್ನು ಒಡೆಯುವ ಕಿಣ್ವ ಜಾಸ್ತಿ ತಯಾರಾಗುತ್ತದೆ. ಅದಕ್ಕೆ ಒಂದು ತಲೆಮಾರು ಮುಗಿಯಲು ಒಂದು ತಿಂಗಳು ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಔಷಧಿ ತಡೆದುಕೊಂಡು ಉಳಿದ ಕೆಲವೇ ಹುಳಗಳ ಸಂತಾನ ಒಂದೇ ಬೆಳೆಯಲ್ಲಿ ಗದ್ದೆ ತುಂಬುತ್ತದೆ. ಗದ್ದೆಯಲ್ಲಿ ಹುಳ ಕಿಕ್ಕಿರಿದು ಪೈರು ಸೊರಗಿದರೆ ಮುಂದಿನ ಮರಿಗಳಲ್ಲಿ ಉದ್ದ ರೆಕ್ಕೆಯವು ಜಾಸ್ತಿ ಆಗುತ್ತವೆ, ಹಾರಿ ಬೇರೆ ಗದ್ದೆಗೆ ಹೋಗುತ್ತವೆ. ಮೇವು ಚೆನ್ನಾಗಿದ್ದರೆ ರೆಕ್ಕೆ ಗಿಡ್ಡ, ಮೊಟ್ಟೆ ಜಾಸ್ತಿ. ಕಷ್ಟ ಬಂದರೆ ದೇಹವನ್ನೇ ಬದಲಿಸಿಕೊಳ್ಳುವ ಹುಳ ಅದು.

ಅಡಿಕೆಯ ಬೇರುಹುಳು ಬೇರೆ ಜಾತಿಯ ಜೀವ. ನಮ್ಮ ಮಲೆನಾಡಿನಲ್ಲಿ ಹೆಚ್ಚಾಗಿ ಸಿಗುವುದು ಲ್ಯೂಕೋಫೋಲಿಸ್ ಲೆಪಿಡೋಫೋರಾ. ಅದಕ್ಕೆ ಒಂದು ತಲೆಮಾರಿಗೆ ಎರಡು ವರ್ಷ ಬೇಕು. ಮೊಟ್ಟೆಯೂ ಕಡಿಮೆ. ಇಷ್ಟು ನಿಧಾನದ ಹುಳ ನಾಲ್ಕೈದು ವರ್ಷದಲ್ಲಿ ವಿಷಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಆದರೆ ನಾನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೆ ಬಕೆಟ್ ಪರೀಕ್ಷೆ ಮಾಡಿದೆವು.

ತೋಟದ್ದೇ ಮಣ್ಣು ಎರಡು ಬಕೆಟ್ಟಿಗೆ ತುಂಬಿ, ಒಂದೇ ಗಾತ್ರದ ಹುಳಗಳನ್ನು ಎರಡಕ್ಕೂ ಬಿಟ್ಟೆವು. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ಮನೆಯಲ್ಲಿ ಉಳಿದಿದ್ದ ಅದೇ ಔಷಧಿ, ಡಬ್ಬಿಯ ಮೇಲಿದ್ದ ಪ್ರಮಾಣದಲ್ಲೇ, ಮಣ್ಣು ಪೂರ್ತಿ ನೆನೆಯುವ ಹಾಗೆ. ಬಾವಿಯಿಂದ ದೂರ, ಕೊಟ್ಟಿಗೆಯ ಹಿಂದೆ ಇಟ್ಟೆವು. ಕೆಲವೇ ದಿನಗಳಲ್ಲಿ ಔಷಧಿ ಬಕೆಟ್ಟಿನ ಹುಳ ಹೆಚ್ಚುಕಡಿಮೆ ಎಲ್ಲವೂ ಸತ್ತವು. ನೀರಿನ ಬಕೆಟ್ಟಿನವು ಚೆನ್ನಾಗಿದ್ದವು. ಅಂದರೆ ಹುಳ ಒಗ್ಗಿಕೊಂಡಿರಲಿಲ್ಲ. ಮುಟ್ಟಿದರೆ ಸಾಯುತ್ತಿತ್ತು. ತೋಟದಲ್ಲಿ ಔಷಧಿ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಯಾಕೆ ಮುಟ್ಟುತ್ತಿರಲಿಲ್ಲ ಎಂದು ತಿಳಿಯಲು ಮಾರ್ಚ್‌ನಲ್ಲಿ ಎರಡು ಮರಗಳ ನಡುವೆ ಗುಂಡಿ ತೆಗೆಸಿದೆವು. ಮೇಲಿನ ಒಂದು ಅಡಿ ಮಣ್ಣು ಒಣಗಿತ್ತು. ಅಲ್ಲಿ ಹುಳ ಇಲ್ಲವೇ ಇಲ್ಲ ಎನ್ನಬಹುದು. ಇನ್ನೂ ಕೆಳಗೆ, ತಂಪು ಉಳಿದಿದ್ದ ಪದರದಲ್ಲಿ ದಪ್ಪ ಹುಳಗಳು ಸಿಕ್ಕವು. ಬಿಸಿಲು ಏರಿ ಮಣ್ಣು ಒಣಗಿದಂತೆ ಈ ಹುಳ ಕೆಳಕ್ಕೆ ಇಳಿಯುತ್ತದೆ. ಮಳೆ ಬಿದ್ದು ಮಣ್ಣು ಹದವಾದಾಗ ಮೇಲೆ ಬಂದು ಬೇರು ತಿನ್ನುತ್ತದೆ. ಕ್ಲೋರ್‌ಪೈರಿಫಾಸ್ ಆದರೋ ಸಾವಯವ ಅಂಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಔಷಧಿ. ವರ್ಷವರ್ಷ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ ಬೀಳುವ ತೋಟದಲ್ಲಿ ಅದು ಮೇಲಿನ ಕೆಲವು ಇಂಚುಗಳಲ್ಲೇ ನಿಂತುಬಿಡುತ್ತದೆ. ಮೊದಲ ದೊಡ್ಡ ಮಳೆಗೆ ಆ ಮೇಲ್ಮಣ್ಣೇ ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ಹುಳ ಕೆಳಗೆ, ವಿಷ ಮೇಲೆ. ಇಬ್ಬರೂ ಭೇಟಿಯಾಗುವ ಪ್ರಶ್ನೆಯೇ ಇರಲಿಲ್ಲ.

ಅದೇ ಗುಂಡಿಯಲ್ಲಿ ಇನ್ನೊಂದು ಸಂಗತಿ ಕಂಡಿತು. ಹುಳಗಳು ಎರಡು ಗಾತ್ರದವಿದ್ದವು. ಕೆಲವು ಬಲಿತವು, ಕೆಲವು ಇನ್ನೂ ಸಣ್ಣವು. ಅದರ ಅರ್ಥ ಆಗಲೇ ಹೇಳಿದ್ದೆ. ಆದರೆ ಊರಿನವರಿಗೆ ಅದು ಮನಸ್ಸಿಗೆ ಇಳಿದದ್ದು ಒಂದು ವರ್ಷ ಕಳೆದ ಮೇಲೆ.

ಮಳೆಗೆ ಕಾಯುವ ದುಂಬಿ

ಈ ಹುಳದ ಬಾಳಿನಲ್ಲಿ ಮಣ್ಣಿನಿಂದ ಹೊರಗೆ ಬರುವ ಕಾಲ ಬಹಳ ಚಿಕ್ಕದು. ಹುಳ ಆಳದಲ್ಲಿ ಕೋಶವಾಗಿ, ದುಂಬಿಯಾಗಿ, ಮಣ್ಣಿನಲ್ಲೇ ಕಾಯುತ್ತದೆ. ಮೊದಲ ಒಳ್ಳೆ ಮಳೆಗೆ ನೆಲ ನೆನೆದ ಮೇಲೆ ಸಂಜೆ ಕತ್ತಲಾಗುವ ಹೊತ್ತಿಗೆ ಹೊರಗೆ ಬರುತ್ತದೆ. ಆ ಹಾರಾಟ ಅರ್ಧ ಗಂಟೆಯ ಆಸುಪಾಸು. ಜೊತೆಗಾರರನ್ನು ಹುಡುಕಿಕೊಂಡು ತಗ್ಗಿನ ಗಿಡ, ಹುಲ್ಲಿನ ಮೇಲೆ ಕೂರುತ್ತವೆ. ಪೂರ್ತಿ ಕತ್ತಲಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಹೆಣ್ಣು ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತದೆ. ಇನ್ನು ಎರಡು ವರ್ಷ ಕೈಗೆ ಸಿಗುವುದಿಲ್ಲ.

ಇಷ್ಟು ಎಚ್ಚರದಿಂದ ಬದುಕುವ ಜೀವದ ಬಗ್ಗೆ ನನಗೆ ಗೌರವ ಇದೆ. ಒಣಗಿದ ನೆಲದಲ್ಲಿ ಮೊಟ್ಟೆ ಉಳಿಯುವುದಿಲ್ಲ. ಅದಕ್ಕೇ ಮಳೆ ಬರುವ ತನಕ ಕಾಯುತ್ತದೆ. ಹಗಲಿನಲ್ಲಿ ಹಕ್ಕಿ ಬಿಡುವುದಿಲ್ಲ. ಅದಕ್ಕೇ ಮಬ್ಬುಗತ್ತಲೆ. ಎಲ್ಲ ಒಟ್ಟಿಗೆ ಬಂದರೆ ತಿನ್ನುವವರು ಎಷ್ಟು ತಿಂದರೂ ಉಳಿದವು ಬೇಕಾದಷ್ಟು. ಆದರೆ ಈ ಎಚ್ಚರದಲ್ಲೇ ನಮಗೆ ಒಂದು ಕಿಂಡಿ ಇದೆ. ಮೊಟ್ಟೆ ಕಡಿಮೆ ಇಡುವ ಹುಳದಲ್ಲಿ ಪ್ರತಿ ಹೆಣ್ಣು ದುಂಬಿಗೂ ಬೆಲೆ ಇದೆ. ಅದನ್ನು ಮೊಟ್ಟೆ ಇಡುವ ಮೊದಲೇ ಹಿಡಿದರೆ ಎರಡು ವರ್ಷದ ಬೇರಿನ ನಷ್ಟ ಉಳಿಯುತ್ತದೆ.

ಹಾಗಾಗಿ ತೀರ್ಮಾನ ಹೀಗಾಯಿತು. ಮರದ ಬಣ್ಣ ನೋಡಿ ಕೆಲಸ ಮಾಡುವುದು ಬಿಡುವುದು. ಮಳೆ ನಕ್ಷತ್ರ ನೋಡಿ ಕೆಲಸ ಮಾಡುವುದು. ಭರಣಿ, ಕೃತ್ತಿಕೆಯಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೆ ವಾರದವರೆಗೆ, ತಯಾರಿ. ರೋಹಿಣಿ, ಮೃಗಶಿರಾದಲ್ಲಿ, ಅಂದರೆ ಅಲ್ಲಿಂದ ಜೂನ್ ಮೂರನೆ ವಾರದವರೆಗೆ, ದಿನಾ ಸಂಜೆ ದುಂಬಿ ಹಿಡಿಯುವುದು. ಮಣ್ಣು ಹದವಾಗಿ, ಮರಿ ಹುಳಗಳು ಮೇಲೆಯೇ ಇರುವಾಗ ಜೈವಿಕ ಔಷಧಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬುಡ ಸಡಿಲಿಸಿ ಹಕ್ಕಿಗೆ ಬಿಡುವುದು, ಬೇವಿನ ಹಿಂಡಿ ಕೊಡುವುದು.

ಒಂದೇ ತೋಟದಲ್ಲಿ ಮಾಡಿದರೆ ಪ್ರಯೋಜನ ಇರಲಿಲ್ಲ, ಪಕ್ಕದ ತೋಟದ ದುಂಬಿ ಬಂದೇ ಬರುತ್ತದೆ. ಊರಿನವರನ್ನು ಒಪ್ಪಿಸುವುದು ಸುಲಭ ಇರಲಿಲ್ಲ. ಕೈಯಲ್ಲಿ ದುಂಬಿ ಹಿಡಿದು ಹುಳ ಮುಗಿಸುತ್ತೀರಾ ಎಂದು ಕೇಳಿದರು. ಕೊನೆಗೆ ಕೆಲಸ ಮಾಡಿದ್ದು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಮಾತು. ಕೊಳೆಗೆ ನಾವು ಕಾಯಿ ಉದುರಿದ ಮೇಲೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುತ್ತೇವಾ? ಇಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವೆ. ಒಂದು ಮನೆಯವರು ಹೊಡೆಯದಿದ್ದರೆ ಪಕ್ಕದವರಿಗೂ ತೊಂದರೆ ಎಂದು ಎಲ್ಲರಿಗೂ ಗೊತ್ತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆಯ ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಆ ಅಭ್ಯಾಸ ನಮ್ಮ ಊರುಗಳಲ್ಲಿ ಬೇರೂರಿ ನೂರು ವರ್ಷ ಕಳೆದಿದೆ. ರೋಗ ಬರುವ ಮೊದಲು ಎಲ್ಲರೂ ಒಟ್ಟಿಗೆ ಎನ್ನುವ ಬುದ್ಧಿ ನಮಗೆ ಹೊಸದಲ್ಲ, ಅದನ್ನು ಹುಳಕ್ಕೂ ತರೋಣ ಎಂದೆ. ಹಿರಿಯರೊಬ್ಬರು ತಲೆಯಾಡಿಸಿದರು. ಹಳ್ಳದ ಎರಡೂ ದಂಡೆಯ ಮನೆಗಳು ಸೇರಿದವು. ಒಂದು ತೋಟ ಮಾತ್ರ ಹೊರಗೆ ಉಳಿಯಿತು. ಅದರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ತೋಟ ಹುಲ್ಲು ಬೆಳೆದು ನಿಂತಿದೆ.

ಮೂರು ಮುಂಗಾರು

2023ರ ಮುಂಗಾರು ನಮ್ಮನ್ನು ಮೊದಲ ವರ್ಷವೇ ಪರೀಕ್ಷೆ ಮಾಡಿತು. ಕೇರಳಕ್ಕೆ ಮಳೆ ಮುಟ್ಟಿದ್ದೇ ಜೂನ್ 8ಕ್ಕೆ. ಇಲ್ಲಿ ರೋಹಿಣಿ ಒಣಗಿಯೇ ಹೋಯಿತು. ಸಂಜೆ ಸಂಜೆ ಬಕೆಟ್ ಹಿಡಿದು ನಿಂತರೆ ದುಂಬಿಯೇ ಇಲ್ಲ. ಈ ವರ್ಷ ಹುಳ ಬರುವುದಿಲ್ಲ, ಬರದಲ್ಲಿ ಒಳಗೇ ಸತ್ತಿರಬೇಕು ಎಂದು ಅರ್ಧ ಜನ ಮನೆಗೆ ಹೋದರು. ಯಜಮಾನರು ಮತ್ತೆ ಒಂದು ಗುಂಡಿ ತೆಗೆಸಿದರು. ಕೆಳಗೆ ದುಂಬಿಗಳು ಜೀವಂತವಾಗಿ ಕೂತಿದ್ದವು. ಒಂದನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ತೋರಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ಬರಕ್ಕೆ ನಾವು ಕೈಚೆಲ್ಲಿದ್ದೆವು, ಹುಳ ಚೆಲ್ಲಿರಲಿಲ್ಲ. ಮೃಗಶಿರಾ ಅರ್ಧ ಕಳೆದ ಮೇಲೆ ಮಳೆ ಬಂತು. ಮಳೆ ಬಂದ ಮಾರನೆ ಸಂಜೆಯಿಂದಲೇ ದುಂಬಿ ಎದ್ದವು. ತಡವಾದದ್ದಕ್ಕೋ ಏನೋ, ಬರುವಾಗ ಒಟ್ಟಿಗೇ ಬಂದವು, ಕೆಲವೇ ಸಂಜೆಗಳಲ್ಲಿ ಮುಗಿದವು. ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಹುಲ್ಲಿನ ಮೇಲಿನ ಜೋಡಿಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಿದರು. ದೀಪದ ಬಲೆಯನ್ನೂ ಇಟ್ಟು ನೋಡಿದೆವು. ಅದಕ್ಕೆ ಬಿದ್ದದ್ದು ಕಡಿಮೆ. ಕೈಯೇ ಮೇಲು.

ಆ ಜುಲೈನಲ್ಲಿ ಜೈವಿಕ ದಾರಿಯನ್ನೂ ಹಿಡಿದೆವು. ಹುಳಗಳನ್ನು ಕೊಲ್ಲುವ ಸೂಕ್ಷ್ಮ ಜಂತುಗಳಿವೆ. ಹೆಟೆರೋರ್ಹಾಬ್ಡಿಟಿಸ್, ಸ್ಟೀನರ್‌ನೆಮಾ ಅಂತ ಹೆಸರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಇವನ್ನು ಪುಡಿ ರೂಪದಲ್ಲಿ ತಯಾರಿಸುವ ವಿಧಾನ ರೂಪಿಸಿದೆ. ಜಂತು ಹುಳದ ಮೈಯೊಳಗೆ ನುಗ್ಗಿ ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಬಿಡುತ್ತದೆ. ಎರಡು ಮೂರು ದಿನದಲ್ಲಿ ಹುಳ ಸಾಯುತ್ತದೆ. ಹೆಟೆರೋರ್ಹಾಬ್ಡಿಟಿಸ್‌ನಿಂದ ಸತ್ತ ಹುಳ ಇಟ್ಟಿಗೆ ಕೆಂಪಾಗುತ್ತದೆ, ಬರಿಗಣ್ಣಿಗೇ ಗುರುತು ಸಿಗುತ್ತದೆ.

ಆದರೆ ಗೊಣ್ಣೆ ಹುಳು ಸುಲಭದ ತುತ್ತಲ್ಲ. ಅದು ಹುಟ್ಟಿದ್ದೇ ಮಣ್ಣಿನಲ್ಲಿ, ಇಂಥ ಶತ್ರುಗಳ ನಡುವೆ. ಅದರ ಉಸಿರಾಟದ ರಂಧ್ರಗಳಿಗೆ ಜರಡಿಯಂಥ ಮುಚ್ಚಳ ಇರುತ್ತದೆ. ಜಂತು ಅಲ್ಲಿಂದ ನುಗ್ಗಲು ಆಗುವುದಿಲ್ಲ. ಮೈಗೆ ಹತ್ತಿದ ಜಂತುಗಳನ್ನು ಕಾಲು, ಬಾಯಿಯಿಂದ ಉಜ್ಜಿ ತೆಗೆಯುತ್ತದೆ. ಬಲಿತಷ್ಟೂ ಈ ರಕ್ಷಣೆ ಗಟ್ಟಿ. ಅದಕ್ಕೇ ಮರಿ ಹುಳ ಇರುವಾಗಲೇ ಕೊಡಬೇಕು. ಬಿಸಿಲು, ಒಣ ಮಣ್ಣು ಜಂತುವಿಗೆ ಆಗುವುದಿಲ್ಲ, ಸಂಜೆ ಹೊತ್ತು ಒದ್ದೆ ಮಣ್ಣಿಗೇ ಹಾಕಬೇಕು. 2023ರ ಜುಲೈ ಮಳೆಗೆ ಇದು ಚೆನ್ನಾಗಿ ಹಿಡಿಯಿತು. ಆದರೆ ಆಗಸ್ಟ್ ಪೂರ್ತಿ ಕೈಕೊಟ್ಟಿತು. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಎತ್ತರದ ಪಟ್ಟಿಯಲ್ಲಿ ಹಾಕಿದ ಜಂತು ಉಳಿಯಲಿಲ್ಲ. ಸೊಪ್ಪು ದಪ್ಪ ಹೊದಿಸಿದ ಬುಡಗಳಲ್ಲಿ ಮಾತ್ರ ಸೆಪ್ಟೆಂಬರ್‌ನಲ್ಲೂ ಕೆಂಪು ಹುಳ ಸಿಕ್ಕವು. ಸೊಪ್ಪಿನ ಹೊದಿಕೆ ಬರೀ ಗೊಬ್ಬರಕ್ಕೆ ಅಲ್ಲ, ಮಣ್ಣಿನಲ್ಲಿರುವ ನಮ್ಮ ಸಹಾಯಕರಿಗೂ ಮನೆ ಎಂದು ಅಲ್ಲಿ ಕಣ್ಣಾರೆ ಕಂಡಿತು.

2024. ಮುಂಗಾರು ಹೊತ್ತಿಗೆ ಸರಿಯಾಗಿ ಬಂತು, ಕೇರಳಕ್ಕೆ ಮೇ 30. ಊರಿನವರು ಉತ್ಸಾಹದಿಂದ ಕಾದರು. ದುಂಬಿ ಹೋದ ವರ್ಷದಷ್ಟೇ ಬಂದವು. ಕೆಲವರ ಪ್ರಕಾರ ಇನ್ನೂ ಜಾಸ್ತಿ. ಗುಂಪು ಅಲ್ಲಿಗೇ ಒಡೆಯುವ ಹಾಗಾಯಿತು. ವರ್ಷ ಪೂರ್ತಿ ದುಡಿದದ್ದು ನೀರಿನಲ್ಲಿ ಹೋಮ ಮಾಡಿದ ಹಾಗೆ ಆಯಿತಲ್ಲ ಎಂದು ಒಬ್ಬರು ಸಿಟ್ಟಿನಿಂದಲೇ ಕೇಳಿದರು.

ಆಗ ಗುಂಡಿಯಲ್ಲಿ ಕಂಡ ಎರಡು ಗಾತ್ರದ ಹುಳಗಳ ವಿಷಯ ಮತ್ತೆ ತೆಗೆದೆ. ಎರಡು ವರ್ಷದ ಹುಳ ಅಂದಮೇಲೆ ಮಣ್ಣಿನಲ್ಲಿ ಯಾವಾಗಲೂ ಎರಡು ತಂಡ ಇರುತ್ತವೆ. 2023ರಲ್ಲಿ ಹಾರಿದ್ದು ಒಂದು ತಂಡ. ನಾವು ಹಿಡಿದದ್ದು ಅದನ್ನು. 2024ರಲ್ಲಿ ಹಾರಿದ್ದು ಇನ್ನೊಂದು ತಂಡ, ಅವು 2022ರ ಮೊಟ್ಟೆಗಳು. ಅವಕ್ಕೆ ನಾವು ದುಂಬಿ ಹಿಡಿದ ಕೆಲಸ ತಾಗಿರಲಿಲ್ಲ. 2023ರ ಕೆಲಸದ ಫಲ ಕಾಣುವುದು 2025ಕ್ಕೆ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಎರಡು ಗೆರೆ ಎಳೆದು ವರ್ಷ ಬರೆದು ತೋರಿಸಿದಾಗ ಸಿಟ್ಟಾದವರೇ ಮೊದಲು ಹೌದೆಂದರು. ಎರಡು ವರ್ಷ ಲೆಕ್ಕ ಬಿಡದೆ ಮಾಡದಿದ್ದರೆ ಈ ಹುಳದ ವಿಷಯದಲ್ಲಿ ಯಾವ ವಿಧಾನವೂ ಸೋತ ಹಾಗೆಯೇ ಕಾಣುತ್ತದೆ. ಒಳ್ಳೆಯ ವಿಧಾನಗಳನ್ನು ಒಂದು ವರ್ಷಕ್ಕೆ ಬಿಟ್ಟವರು ಎಷ್ಟು ಜನ ಇದ್ದಾರೋ ಎಂದು ಯೋಚಿಸಿದರೆ ಬೇಜಾರಾಗುತ್ತದೆ.

ಆ ವರ್ಷ ಬಸಿಗಾಲುವೆಯ ಕೆಲಸವನ್ನೂ ಮಾಡಿದರು. ನೀರು ನಿಲ್ಲುವ ಬುಡದಲ್ಲಿ ಕಡಿದ ಬೇರು ಮತ್ತೆ ಚಿಗುರುವುದಿಲ್ಲ. ಕಾಲುವೆ ಆಳ ಮಾಡಿದ ಮೇಲೆ ಅರ್ಧ ಸೊರಗಿದ ಮರಗಳಲ್ಲಿ ಹೊಸ ಬಿಳಿ ಬೇರು ಕಂಡಿತು. ಇದಕ್ಕೂ ಹುಳ ಕೊಲ್ಲುವುದಕ್ಕೂ ಸಂಬಂಧ ಇಲ್ಲ. ಆದರೆ ಮರ ಉಳಿಯುವುದಕ್ಕೆ ಸಂಬಂಧ ಇದೆ.

2025ರಲ್ಲಿ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು. ಅದಕ್ಕೂ ಮೊದಲೇ ಮೇ ತಿಂಗಳ ನಡುವಿನಿಂದ ಇಲ್ಲಿ ಜೋರು ಮಳೆ. ಯಾರೂ ತಯಾರಿರಲಿಲ್ಲ. ಬಕೆಟ್ಟುಗಳು ಇನ್ನೂ ಅಟ್ಟದಲ್ಲಿದ್ದವು. ದುಂಬಿ ಕೃತ್ತಿಕೆಯಲ್ಲೇ ಎದ್ದವು. ಮೊದಲ ಕೆಲವು ಸಂಜೆ ಕೈತಪ್ಪಿ ಹೋಯಿತು. ಅದೃಷ್ಟಕ್ಕೆ ಶಾಲೆಗೆ ರಜೆ ಇತ್ತು, ಮಕ್ಕಳು ಊರಲ್ಲಿದ್ದರು. ಉಳಿದದ್ದನ್ನು ಹೆಚ್ಚಾಗಿ ಹಿಡಿದದ್ದು ಮಕ್ಕಳೇ. ಆದರೆ ಎಲ್ಲರೂ ಗಮನಿಸಿದ ಸಂಗತಿ ಬೇರೆ. ದುಂಬಿಯ ಸಂಖ್ಯೆ ಇಳಿದಿತ್ತು. ಹೊರಗುಳಿದ ಆ ಒಂದು ತೋಟದ ಅಂಚಿನಲ್ಲಿ ಮಾತ್ರ ಮೊದಲಿನಷ್ಟೇ ಇದ್ದವು.

ಈಗಿನ ಸ್ಥಿತಿ

ಹಳ್ಳದ ಕಡೆ ಹೊಸದಾಗಿ ನೆಟ್ಟ ಸಸಿಗಳು ನಿಂತಿವೆ. ಮೊದಲು ಎರಡನೆ ವರ್ಷಕ್ಕೇ ಕಿತ್ತು ಬರುತ್ತಿದ್ದ ಜಾಗ ಅದು. ನಡು ವಯಸ್ಸಿನ ಮರಗಳಲ್ಲಿ ಸುಮಾರಷ್ಟು ಚೇತರಿಸಿಕೊಂಡಿವೆ, ಹಿಂಗಾರ (ಅಡಿಕೆಯ ಹೂಗೊಂಚಲು) ಮೊದಲಿನ ಗಾತ್ರಕ್ಕೆ ಬರುತ್ತಿದೆ. ತುದಿ ಪೂರ್ತಿ ಸಪೂರ ಆದ ಹಳೆ ಮರಗಳು ಉಳಿಯಲಿಲ್ಲ, ಅವನ್ನು ಕಡಿಸಿದರು. ಹುಳ ಮುಗಿದಿಲ್ಲ. ಮುಗಿಯುವುದೂ ಇಲ್ಲ. ಬುಡ ಬಿಡಿಸಿದರೆ ಈಗಲೂ ಒಂದೆರಡು ಸಿಗುತ್ತವೆ, ಅಷ್ಟನ್ನು ಮರ ತಡೆದುಕೊಳ್ಳುತ್ತದೆ. ಬೇರುಹುಳುವಿಗಾಗಿ ಕೊಳ್ಳುತ್ತಿದ್ದ ಕೀಟನಾಶಕದ ಖರ್ಚು ನಿಂತಿದೆ. ಅದರ ಬದಲು ಬೇವಿನ ಹಿಂಡಿ, ಜಂತುವಿನ ಪುಡಿ, ಸೆಪ್ಟೆಂಬರ್‌ನ ಅಗೆತದ ಕೂಲಿ ಬಂದಿದೆ. ಖರ್ಚು ತೀರಾ ಕಡಿಮೆ ಆಗಿದೆ ಎಂದು ಹೇಳಲಾರೆ. ಕೂಲಿ ಸಿಗದ ಊರಿನಲ್ಲಿ ಈ ದಾರಿ ಕಷ್ಟವೇ.

ಇದೇ ಕ್ರಮವನ್ನು ಬೇರೆ ಕಡೆ ಹಾಗೇ ಎತ್ತಿ ಇಡಬೇಡಿ. ಕರಾವಳಿ ಕಡೆ ಸಿಗುವ ಲ್ಯೂಕೋಫೋಲಿಸ್ ಕೋನಿಯೋಫೋರಾ ಒಂದೇ ವರ್ಷದಲ್ಲಿ ಬಾಳು ಮುಗಿಸುತ್ತದೆ. ಅಲ್ಲಿ ಎರಡು ತಂಡದ ಲೆಕ್ಕ ನಡೆಯುವುದಿಲ್ಲ. ನಿಮ್ಮ ತೋಟದ ದುಂಬಿ ಯಾವ ಜಾತಿ ಎಂದು ಮೊದಲು ಗುರುತು ಮಾಡಿಸಿ. ಒಂದು ಡಬ್ಬಿಯಲ್ಲಿ ದುಂಬಿ, ಇನ್ನೊಂದರಲ್ಲಿ ಹುಳ ಹಾಕಿ ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದರೆ ಆಯಿತು. ಜಂತುವಿನ ಪುಡಿ ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಬಿಸಿಲಿಗೆ ಬಿದ್ದ ಅಂಗಡಿ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂತ ಪೊಟ್ಟಣದಲ್ಲಿ ಜೀವ ಇರುವುದಿಲ್ಲ.

ಗುಂಪಿನವರು ಈ ಬಾರಿ ಎರಡು ತೀರ್ಮಾನ ಮಾಡಿದ್ದಾರೆ. ಬಕೆಟ್, ಟಾರ್ಚ್, ಬಲೆಗಳ ತಯಾರಿ ಇನ್ನು ಭರಣಿ ಮಳೆಗೇ ಮುಗಿಯಬೇಕು. ಮಳೆ ಯಾವಾಗ ಬೇಕಾದರೂ ಬರುವ ಕಾಲ ಇದು, ಪಂಚಾಂಗವನ್ನು ಮಾತ್ರ ನಂಬಿ ಕೂರುವ ಹಾಗಿಲ್ಲ. ನೆಲ ಒಂದು ಗೇಣು ನೆನೆದ ದಿನವೇ ಸಂಜೆ ಹೊರಡುವುದು. ಎರಡನೆಯದು, ಬೆಂಗಳೂರಿನ ಮಾಲೀಕರಿಗೆ ಫೋನ್ ಮಾಡಿ ಅವರ ತೋಟದೊಳಗೆ ಹೋಗಲು ಒಪ್ಪಿಗೆ ಪಡೆದಿದ್ದಾರೆ. ಅಲ್ಲಿನ ಹುಲ್ಲು ಕತ್ತರಿಸುವ ಕೂಲಿಯನ್ನು ಸದ್ಯಕ್ಕೆ ಗುಂಪೇ ಹಾಕುತ್ತದೆ.